ಚಿಕ್ಕಮಗಳೂರಿನ ಅಂಗಳಕ್ಕೆ ಯಾವ ಹೂವು: ಪಿಯೋನಿ, ಡೇರೆ, ಹೈಡ್ರೇಂಜಿಯಾ, ಗುಲಾಬಿ

ತುಂಬು ಎಸಳಿನ ದೊಡ್ಡ ಹೂವೊಂದು ಮನೆಯ ಮುಂದೆಯೇ ಅರಳಬೇಕೆಂಬ ಆಸೆಯಿಂದ ಚಿಕ್ಕಮಗಳೂರಿನ ನಮ್ಮ ಮನೆಯಂಗಳದಲ್ಲಿ ನಾನು ಪಿಯೋನಿ, ಡೇರೆ (ಡೇಲಿಯಾ), ಹೈಡ್ರೇಂಜಿಯಾ ಮತ್ತು ಗುಲಾಬಿಗಳನ್ನು ಜೊತೆಜೊತೆಯಾಗಿ ಬೆಳೆಸಿ ನೋಡಿದ್ದೇನೆ. ಅಂಗಳವೇನೂ ದೊಡ್ಡದಲ್ಲ. ಗೇಟಿನ ಎಡಕ್ಕೆ ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಉದ್ದನೆಯ ಪಾತಿಯಿದೆ, ಬಲಕ್ಕೆ ಹಲಸಿನ ಮರದ ನೆರಳಿದೆ, ಕಾಂಪೌಂಡಿನ ಗೋಡೆಯ ಬುಡದಲ್ಲಿ ಅರೆನೆರಳಿನ ಒಂದು ಪಟ್ಟಿಯಿದೆ. ಮಣ್ಣು ಈ ಸೀಮೆಯ ಕೆಂಪು ಮಣ್ಣು, ಹುಳಿ ಗುಣದ್ದು. ಊರು ಸಮುದ್ರಮಟ್ಟದಿಂದ 1,000 ಮೀಟರಿಗೂ ಎತ್ತರದಲ್ಲಿರುವುದರಿಂದ ಬೇಸಿಗೆ ಅಷ್ಟಾಗಿ ಸುಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಣ ಹವೆ.

ಮೊದಲು ಪಿಯೋನಿ. ಚಿತ್ರಗಳಲ್ಲಿ ಕಂಡವರೆಲ್ಲರೂ ಬಯಸುವ ಹೂವು ಇದು. ಚೀನಾದ ಲುವೊಯಾಂಗ್ ನಗರ ಮರಪಿಯೋನಿಗಳಿಗೆ ಹೆಸರುವಾಸಿ. ನಮ್ಮ ದೇಶದಲ್ಲಿಯೂ ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಕಾಡುಗಳಲ್ಲಿ ಬಿಳಿಯ ಹೂವಿನ ಕಾಡುಪಿಯೋನಿ ತಾನಾಗಿ ಬೆಳೆಯುತ್ತದೆ. ನಾನು ತರಿಸಿದ್ದು ನಸುಗೆಂಪಿನ ಸಾರಾ ಬರ್ನ್‌ಹಾರ್ಟ್, 1906ರಲ್ಲಿ ಫ್ರಾನ್ಸಿನಲ್ಲಿ ಹೊರಬಂದು ಇಂದಿಗೂ ಬೇಡಿಕೆ ಕಳೆದುಕೊಳ್ಳದ ತಳಿ. ಪಿಯೋನಿಯ ಬೇರುಗೆಡ್ಡೆಯನ್ನು ಆಳಕ್ಕೆ ಹೂಳಬಾರದು. ಚಳಿದೇಶಗಳಲ್ಲಿ ಅದರ ಕೆಂಪು ಕಣ್ಣುಗಳ ಮೇಲೆ ಹೆಚ್ಚೆಂದರೆ ಎರಡು ಅಂಗುಲ ಮಣ್ಣಿರಬೇಕೆನ್ನುತ್ತಾರೆ, ಬೆಚ್ಚನೆಯ ಪ್ರದೇಶಗಳಲ್ಲಿ ಒಂದೇ ಅಂಗುಲ. ಹಾಗೆಯೇ ನೆಟ್ಟೆ. ಎಲೆ ಬಂತು, ಚೆನ್ನಾಗಿಯೇ ಬಂತು, ಹೂವಿನ ಸುಳಿವಿರಲಿಲ್ಲ.

ಕಾರಣ ಗೊಬ್ಬರದಲ್ಲಾಗಲಿ ಆರೈಕೆಯಲ್ಲಾಗಲಿ ಇಲ್ಲ. ಪಿಯೋನಿಯ ಕಣ್ಣು ಎಚ್ಚೆತ್ತು ಹೂವಿನ ಕಾಂಡವನ್ನು ಮೇಲೆತ್ತಬೇಕಾದರೆ ಅದು ಚಳಿಗಾಲದಲ್ಲಿ ಹಲವು ವಾರಗಳ ಕಾಲ ಸುಮಾರು 5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಶೀತದಲ್ಲಿ ಮಲಗಿರಬೇಕು. ನಮ್ಮಲ್ಲಿ ಧನುರ್ಮಾಸದ ಚಳಿಯಲ್ಲಿಯೂ ರಾತ್ರಿಯ ತಾಪಮಾನ ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ, ಹಗಲಂತೂ ಬೆಚ್ಚಗೇ ಇರುತ್ತದೆ. ಈ ಕೊರತೆಯನ್ನು ತುಂಬಿಕೊಡಬಹುದೇ ಎಂದು ನೋಡಲು ಗೆಡ್ಡೆಯನ್ನು ಕುಂಡಕ್ಕೆ ವರ್ಗಾಯಿಸಿ, ಎಲೆ ಒಣಗಿದ ಮೇಲೆ ಇಡೀ ಕುಂಡವನ್ನು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಒಂದು ಚಳಿಗಾಲ ಪೂರ್ತಿ ಇಟ್ಟೆ. ಹೊರತೆಗೆದ ಬಳಿಕ ಕೆಂಪು ಚಿಗುರು ದಪ್ಪಗೆ ಎದ್ದು ತುದಿಯಲ್ಲಿ ಬಟಾಣಿ ಗಾತ್ರದ ಮೊಗ್ಗು ಕಾಣಿಸಿತು. ಏಪ್ರಿಲ್ ಬಿಸಿಲಿಗೆ ಅದು ಹಿಗ್ಗಲೇ ಇಲ್ಲ. ಮೊದಲು ಹೊರಗಿನ ಹಸಿರು ಹೊದಿಕೆ ಕಂದಾಯಿತು, ಆಮೇಲೆ ಒಳಗಿನ ಎಸಳುಗಳು ಕಾಗದದಂತೆ ಗರಿಗರಿಯಾಗಿ ಒಣಗಿದವು. ಮುಂದಿನ ಆರಿದ್ರಾ ಮಳೆಯಲ್ಲಿ ಬೇರು ಕೊಳೆಯಿತು, ಏಕೆಂದರೆ ಪಿಯೋನಿಗೆ ನೀರು ನಿಲ್ಲುವ ನೆಲ ಆಗಿಬರುವುದಿಲ್ಲ.

ಪಿಯೋನಿ ತನ್ನ ಸ್ವಂತ ನಾಡಿನಲ್ಲಿಯೂ ನೆಟ್ಟ ಮೂರನೆಯ ವರ್ಷದ ಹೊತ್ತಿಗೆ ಸರಿಯಾಗಿ ಹೂಬಿಡುವ ಗಿಡ. ಹೂವಿನ ಕಾಲ ವರ್ಷಕ್ಕೆ ಕೆಲವೇ ವಾರಗಳದ್ದು. ಒಮ್ಮೆ ನೆಲೆಯೂರಿತೆಂದರೆ ಐವತ್ತು ವರ್ಷ ಕದಲದೆ ಹೂವು ಕೊಡುತ್ತದೆಂಬುದೇ ಅದರ ದೊಡ್ಡತನ. ಶಿಮ್ಲಾದ ಕಡೆ ಮನೆಯಿದ್ದವರು ಅದನ್ನು ಖಂಡಿತ ನೆಡಲಿ. ಬೇಗ ಅರಳುವ, ಒಂಟಿ ಎಸಳಿನ ತಳಿಗಳು ಕಡಿಮೆ ಚಳಿಯನ್ನೂ ಒಂದಿಷ್ಟು ತಾಳುತ್ತವೆ ಎಂಬುದು ನಿಜವಾದರೂ ನಮ್ಮ ಚಳಿ ಆ ಮಟ್ಟವನ್ನೂ ಮುಟ್ಟುವುದಿಲ್ಲ. ಆದ್ದರಿಂದ ಈ ಜಿಲ್ಲೆಯಲ್ಲಿ ಪಿಯೋನಿಗಾಗಿ ಹಣ ವೆಚ್ಚ ಮಾಡಬೇಡಿ ಎಂದೇ ಕೇಳಿದವರಿಗೆ ಹೇಳುತ್ತೇನೆ.

ಅದೇ ತುಂಬುತನವನ್ನು ಡೇರೆ ಕೊಡುತ್ತದೆ, ಅದೂ ನಮ್ಮ ಮಳೆಗಾಲದಲ್ಲಿಯೇ. ಡೇರೆಯ ತವರು ಮೆಕ್ಸಿಕೋದ ಎತ್ತರದ ಪ್ರದೇಶಗಳು. ಅಲ್ಲಿಂದ 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಹೋಗಿ, ಮುಂದೆ ಜಗತ್ತನ್ನೆಲ್ಲ ಸುತ್ತಿತು. ಆ ಎತ್ತರದ ನಾಡಿನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ತಂಪು ಮಳೆ, ಚಳಿಗಾಲದಲ್ಲಿ ಒಣ ಹವೆ. ಗಿಡ ಮಳೆಯಲ್ಲಿ ಬೆಳೆದು ಹೂಬಿಟ್ಟು, ಒಣಗಾಲದಲ್ಲಿ ಗೆಡ್ಡೆಯಾಗಿ ಮಲಗುತ್ತದೆ. ನಮ್ಮ ಮಲೆನಾಡಿನ ವರ್ಷಚಕ್ರವೂ ಬಹುಮಟ್ಟಿಗೆ ಇದೇ. ಚಳಿದೇಶದವರು ಹಿಮಕ್ಕೆ ಹೆದರಿ ಡೇರೆಯ ಗೆಡ್ಡೆಯನ್ನು ಪ್ರತಿವರ್ಷ ಅಗೆದು ಒಳಗಿಡುತ್ತಾರೆ. ನಮಗೆ ಆ ಭಯವಿಲ್ಲ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಗಳ ಹೆಂಗಸರು ಅಂಗಳದ ಅಂಚಿನಲ್ಲಿ ಡೇರೆ ಬೆಳೆದು ಬಣ್ಣಬಣ್ಣದ ಗೆಡ್ಡೆಗಳನ್ನು ಹಂಚಿಕೊಳ್ಳುತ್ತ ಬಂದಿರುವುದರ ಹಿಂದೆ ಈ ಹೊಂದಾಣಿಕೆಯಿದೆ.

ನನಗೆ ಮೊದಲ ಗೆಡ್ಡೆಗಳನ್ನು ಕೊಟ್ಟವರು ಕೊಪ್ಪದ ಕಡೆಯ ನಮ್ಮ ಸೋದರತ್ತೆ. "ಗೆಡ್ಡೆ ದಪ್ಪಗಿದೆ ಅಂತ ನೆಡಬೇಡ ಮಾರಾಯ್ತಿ, ಬುಡದಲ್ಲಿ ಕಣ್ಣಿದೆಯಾ ನೋಡು" ಎಂದಿದ್ದರು. ಡೇರೆಯ ಗೆಡ್ಡೆಯಲ್ಲಿ ಆಲೂಗಡ್ಡೆಯಂತೆ ಮೈಮೇಲೆಲ್ಲ ಕಣ್ಣುಗಳಿರುವುದಿಲ್ಲ. ಹಳೆಯ ಕಾಂಡದ ಬುಡದಲ್ಲಿ ಮಾತ್ರ ಇರುತ್ತವೆ. ಆ ಬುಡದ ಚೂರಿಲ್ಲದೆ ಮುರಿದುಬಂದ ಗೆಡ್ಡೆ ಎಷ್ಟೇ ದುಂಡಗಿದ್ದರೂ ಮೊಳೆಯುವುದಿಲ್ಲ. ಮೇ ತಿಂಗಳ ನಡುವೆ, ಮುಂಗಾರು ಹಿಡಿಯುವ ಮುನ್ನ, ಪಾತಿಯನ್ನು ನೆಲಮಟ್ಟದಿಂದ ಗೇಣೆತ್ತರ ಏರಿಸಿ ಕೊಟ್ಟಿಗೆ ಗೊಬ್ಬರ, ಕೊಳೆತ ಕಾಫಿ ಸಿಪ್ಪೆ, ಸ್ವಲ್ಪ ಬೂದಿ ಬೆರೆಸಿ ನೆಡುತ್ತೇನೆ, ನೆಡುವಾಗಲೇ ಗೂಟವನ್ನೂ ಊರುತ್ತೇನೆ. ಆಮೇಲೆ ಗೂಟ ಹೊಡೆದರೆ ಗೆಡ್ಡೆಗೆ ಪೆಟ್ಟಾಗುತ್ತದೆ. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಪ್ರತಿ ಕವಲಿನಲ್ಲಿ ನಡುವಿನ ಮೊಗ್ಗನ್ನು ಉಳಿಸಿ ಅಕ್ಕಪಕ್ಕದ ಎರಡನ್ನು ತೆಗೆದರೆ ಹೂವು ದೊಡ್ಡದಾಗುತ್ತದೆ. ಆಗಸ್ಟ್ ಹೊತ್ತಿಗೆ ಅರಳತೊಡಗಿ ಗೌರಿ ಹಬ್ಬಕ್ಕೆ ಪಾತಿ ತುಂಬಿರುತ್ತದೆ.

ಡೇರೆಯಲ್ಲಿಯೂ ಆಯ್ಕೆ ಬೇಕು. ತಟ್ಟೆಯಗಲದ ಹೂವಿನ ತಳಿಗಳು ಮಳೆಯ ನೀರು ಕುಡಿದು ಕತ್ತು ಮುರಿದುಕೊಳ್ಳುತ್ತವೆ. ಪುಷ್ಯ, ಆಶ್ಲೇಷದ ಮಳೆ ಜೋರಾದ ವರ್ಷ ನನ್ನ ಹಳದಿ ದೊಡ್ಡ ಡೇರೆಯಲ್ಲಿ ನೆಟ್ಟಗೆ ನಿಂತ ಹೂವು ಕಂಡದ್ದೇ ಅಪರೂಪ. ಅಂಗೈಯಗಲದವು ಮಧ್ಯಮ ಮಳೆಯನ್ನು ತಾಳುತ್ತವೆ. ಒತ್ತಾಗಿ ಸುರುಳಿಸುತ್ತಿದ ಎಸಳಿನ ಪಾಂಪಾನ್ ಬಗೆಯವು ಎಂಥ ಮಳೆಗೂ ಜಗ್ಗುವುದಿಲ್ಲ, ಆದರೆ ಪಿಯೋನಿಯ ಸಡಿಲ ಸೊಬಗು ಅವುಗಳಲ್ಲಿಲ್ಲ. ನಾನು ಅಂಗೈಯಗಲದ ನಸುಗೆಂಪಿನದನ್ನೇ ಹೆಚ್ಚಿಸಿಕೊಂಡಿದ್ದೇನೆ. ಹೂವು ಕೊಯ್ಯುವಾಗ ಒಂದು ಎಚ್ಚರ ಬೇಕು. ಡೇರೆಯ ಕಾಂಡ ಟೊಳ್ಳು. ಕತ್ತರಿಸಿದ ತುದಿ ಆಕಾಶಕ್ಕೆ ಬಾಯ್ದೆರೆದು ನಿಂತರೆ ಮಳೆನೀರು ಅದರೊಳಗೆ ತುಂಬಿ, ಕಾಂಡ ಒಳಗಿನಿಂದ ಕೊಳೆಯುತ್ತ ಗೆಡ್ಡೆಯವರೆಗೂ ಇಳಿಯುತ್ತದೆ. ಹಿಸುಕಿದರೆ ಕಂದು ನೀರು ಹೊರಬರುತ್ತದೆ. ಗೆಣ್ಣಿಗೆ ತಾಗಿಸಿ ಕತ್ತರಿಸಬೇಕು, ಇಲ್ಲವೇ ತುದಿಗೆ ಪ್ಲಾಸ್ಟಿಕ್ ಚೂರು ಕಟ್ಟಬೇಕು. ಬಸವನಹುಳುವಿನ ಕಾಟವೂ ಇದೆ. ಎಳೆ ಚಿಗುರು ಅದಕ್ಕೆ ಬಲು ಇಷ್ಟ, ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಸರಿಯಾದ ದಾರಿ.

ಡೇರೆ ಬಿಸಿಲಿನ ಗಿಡವಾದ್ದರಿಂದ ಹಲಸಿನ ನೆರಳಿನಲ್ಲಿ ಅದು ಉದ್ದುದ್ದ ಬೆಳೆದು ಮಲಗಿಬಿಡುತ್ತದೆ. ಅಲ್ಲಿ ಹೈಡ್ರೇಂಜಿಯಾಕ್ಕೆ ಎದುರಿಲ್ಲ. ಇದೂ ತಂಪನ್ನು ಬಯಸುವ ಗಿಡವೇ, ಆದರೆ ಪಿಯೋನಿಯಷ್ಟು ಹಟದ್ದಲ್ಲ: ಮೊಗ್ಗು ಕಟ್ಟಲು ಅದಕ್ಕೆ 18 ಡಿಗ್ರಿಗಿಂತ ತಂಪಾದ ಕೆಲವು ವಾರಗಳು ಸಾಕು, ಅದನ್ನು ನಮ್ಮ ಚಳಿಗಾಲದ ರಾತ್ರಿಗಳು ಧಾರಾಳವಾಗಿ ಕೊಡುತ್ತವೆ. ಗೊಂಚಲಿನಲ್ಲಿ ಕಾಣುವುದು ಬಹುಪಾಲು ಎಸಳುಗಳಲ್ಲ, ಹಿಗ್ಗಿದ ಪುಷ್ಪಪತ್ರಗಳು; ಆದ್ದರಿಂದಲೇ ಒಂದೊಂದು ಗೊಂಚಲು ವಾರಗಟ್ಟಲೆ ಬಾಡದೆ ನಿಲ್ಲುತ್ತದೆ.

ಬಣ್ಣದ ವಿಷಯದಲ್ಲಿ ಅದು ಮಣ್ಣಿನ ಮಾತನ್ನೇ ಕೇಳುತ್ತದೆ. ಒಂದೇ ಗಿಡದ ಕಡ್ಡಿಗಳನ್ನು ನಾನು ಎರಡು ಕಡೆ ನೆಟ್ಟಿದ್ದೇನೆ. ಹಲಸಿನಡಿಯ ಹುಳಿ ಮಣ್ಣಿನಲ್ಲಿ ಬಂದದ್ದು ಗಾಢ ನೀಲಿ. ಹೊಸದಾಗಿ ಸಿಮೆಂಟು ಗಿಲಾವು ಮಾಡಿಸಿದ ಕಾಂಪೌಂಡಿನ ಬುಡದಲ್ಲಿ ಬಂದದ್ದು ನೇರಳೆ ಬೆರೆತ ಗುಲಾಬಿ ಬಣ್ಣ. ಮಣ್ಣಿನ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಬೇರಿಗೆ ಸುಲಭವಾಗಿ ಸಿಕ್ಕಿ ಹೂವು ನೀಲಿಯಾಗುತ್ತದೆ, 6.5 ದಾಟಿದರೆ ಅದು ಮಣ್ಣಿನಲ್ಲಿಯೇ ಹಿಡಿದಿಟ್ಟಂತಾಗಿ ಗುಲಾಬಿ ಬಣ್ಣ ಉಳಿಯುತ್ತದೆ. ಗೋಡೆಯಿಂದ ಜಾರಿದ ಸುಣ್ಣದ ಅಂಶವೇ ಅಲ್ಲಿ ಬಣ್ಣ ಬದಲಿಸಿದ್ದು. ತೋಟಕ್ಕೆ ಸುಣ್ಣ ಹಾಕುವವರು ಉಳಿದದ್ದನ್ನು ಅಂಗಳಕ್ಕೆ ಚೆಲ್ಲುವ ಮುನ್ನ ಇದನ್ನು ನೆನಪಿಡಬೇಕು. ಹೂವಿನ ಸರದಿ ಮುಗಿದ ಕೂಡಲೇ ಸವರಬೇಕು. ಚಳಿಗಾಲದಲ್ಲಿ ಸವರಿದರೆ ಹಳೆಯ ಕಡ್ಡಿಯಲ್ಲಿ ಕಟ್ಟಿದ ಮೊಗ್ಗುಗಳೆಲ್ಲ ಕತ್ತರಿಯ ಪಾಲಾಗುತ್ತವೆ. ಎಲೆ, ಮೊಗ್ಗು ವಿಷಕಾರಿಯಾದ್ದರಿಂದ ದನಕರು ಬಾಯಿ ಹಾಕುವ ಕಡೆ ಈ ಗಿಡ ಬೇಡ. ಡೇರೆಗೆ ಬೇಕಾದ ದುಡಿಮೆಯ ಕಾಲುಭಾಗವೂ ಇದಕ್ಕೆ ಬೇಡವೆಂಬುದು ಇದರ ಹೆಚ್ಚುಗಾರಿಕೆ, ಆದರೂ ಒಂದೊಂದೇ ಹೂವನ್ನು ಹತ್ತಿರದಿಂದ ನೋಡಿ ಸಂತೋಷಪಡುವವಳಾದ ನನಗೆ ಡೇರೆಯೇ ಮೇಲು.

ಗುಲಾಬಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಅದಕ್ಕೆ ಸಮನಾದುದಿಲ್ಲ. ಮಳೆಗಾಲದಲ್ಲಿ ಕಪ್ಪುಚುಕ್ಕೆ ರೋಗ ಬಂದು ಎಲೆಯೆಲ್ಲ ಉದುರಿ ಕಡ್ಡಿ ಮಾತ್ರ ಉಳಿಯುತ್ತದೆ. ಅಡಿಕೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮಳೆಗೆ ಮುಂಚೆ ಸಿಂಪಡಿಸಿದರೆ ರೋಗ ಹತೋಟಿಯಲ್ಲಿರುತ್ತದೆ. ಹೈಬ್ರಿಡ್ ಗುಲಾಬಿಗಿಂತ ನಮ್ಮ ಹಳೆಯ ಬಟನ್ ಗುಲಾಬಿ ಮಳೆಯನ್ನು ಚೆನ್ನಾಗಿ ತಾಳಿತು.

ಈ ಹೋಲಿಕೆ ಮಳೆ ಚೆನ್ನಾಗಿ ಬೀಳುವ ಭಾಗಕ್ಕೆ, ಅಂದರೆ ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ, ಆಚೆಗೆ ಸಕಲೇಶಪುರಕ್ಕೆ ಸಲ್ಲುತ್ತದೆ. ಅದೇ ಜಿಲ್ಲೆಗಳ ಕಡೂರು, ಅರಸೀಕೆರೆಗಳ ಒಣ ಬಯಲಿನಲ್ಲಿ ಹೈಡ್ರೇಂಜಿಯಾದ ಎಲೆ ಮಧ್ಯಾಹ್ನಕ್ಕೇ ಜೋಲುತ್ತದೆ, ಡೇರೆಗೆ ದಿನಾ ನೀರು ಹೊರಬೇಕಾಗುತ್ತದೆ. ಅಲ್ಲಿನ ಅಂಗಳಕ್ಕೆ ಗುಲಾಬಿ ಮತ್ತು ಸೇವಂತಿಗೆಯೇ ಸರಿ.