ಎರಡು ವರ್ಷ ಸೆಫ್ ಬಳಸಿದ ಮೇಲೆ: ಬೈದದ್ದೇ ಕೈ ಹಿಡಿಯಿತು

ನಮ್ಮದು ಮದುವೆ ವಿಡಿಯೋ ಎಡಿಟ್ ಮಾಡುವ ಸಣ್ಣ ಸ್ಟುಡಿಯೋ. ಫೈಲೆಲ್ಲಾ ಇರುವುದು ಆರು ಹಳೇ ಮಷಿನ್‌ಗಳ ಸೆಫ್‌ಎಫ್‌ಎಸ್ ಮೇಲೆ. ಸೆಫ್ ಅಂದರೆ ಹಲವು ಮಷಿನ್‌ಗಳ ಡಿಸ್ಕ್ ಸೇರಿಸಿ ಒಂದೇ ದೊಡ್ಡ ಸಂಗ್ರಹ ಮಾಡುವ ಸಾಫ್ಟ್‌ವೇರ್; ಸೆಫ್‌ಎಫ್‌ಎಸ್ ಅದರ ಫೈಲ್ ಸಿಸ್ಟಂ. ಎಡಿಟ್ ನಡೀತಿರುವುದು ವೇಗದ ಎಸ್‌ಎಸ್‌ಡಿ ಡಿಸ್ಕ್‌ಗಳ ಪೂಲ್‌ನಲ್ಲಿ (ಗುಂಪಿನಲ್ಲಿ), ಪ್ರತಿ ಫೈಲಿಗೂ ಮೂರು ಪ್ರತಿ. ಡೆಲಿವರಿ ಆದದ್ದು ಹಾರ್ಡ್‌ಡಿಸ್ಕ್ ಪೂಲ್‌ಗೆ, 4+2 ಇರೇಷರ್ ಕೋಡಿಂಗ್: ಡೇಟಾದ ನಾಲ್ಕು ತುಂಡಿಗೆ ಎರಡು ರಕ್ಷಣಾ ತುಂಡು ಸೇರಿಸಿ, ಮಷಿನ್‌ಗೊಂದರಂತೆ ಹಂಚುವುದು. ಅಲ್ಲಿ 1 ಟಿಬಿ ಇಡೋಕೆ 3 ಟಿಬಿ ಬದಲು 1.5 ಟಿಬಿ ಸಾಕು. ಎರಡು ಮಷಿನ್ ಕೆಟ್ಟರೂ ಡೇಟಾ ಹೋಗಲ್ಲ. ಹೀಗೆ ಪೂಲ್‌ನಿಂದ ಪೂಲ್‌ಗೆ ಡೇಟಾ ಸಾಗಿಸುವುದನ್ನು ತಾನಾಗೇ ಮಾಡುವ, ಕ್ಯಾಶ್ ಟಿಯರಿಂಗ್ ಅನ್ನುವ ವ್ಯವಸ್ಥೆಯೂ ಇದೆ. ಆದರೆ 2023ರ ರೀಫ್ ಆವೃತ್ತಿಯಲ್ಲಿ ಸೆಫ್‌ನವರೇ ಅದನ್ನು ಬಳಸಬೇಡಿ ಅಂದುಬಿಟ್ಟರು. ಹಾಗಾಗಿ ನಾನು ಫೋಲ್ಡರ್‌ಗೆ ಲೇಔಟ್ ಹಾಕುವ ದಾರಿ ಹಿಡಿದೆ. ಅಂದರೆ, ಈ ಫೋಲ್ಡರ್‌ನ ಫೈಲ್ ಯಾವ ಪೂಲ್‌ಗೆ ಹೋಗಬೇಕು ಅಂತ ಮೊದಲೇ ಹೇಳಿಡುವುದು.

ದಿನಾ ಬೆಳಿಗ್ಗೆ ಫಿಲ್ಟರ್ ಕಾಫಿ ಲೋಟ ಕೀಬೋರ್ಡ್ ಪಕ್ಕ ಇಟ್ಟು ಸ್ಟೇಟಸ್ ನೋಡುವುದು ನನ್ನ ಅಭ್ಯಾಸ. 'ಹೆಲ್ತ್ ಓಕೆ' ಅಂತ ಬಂದರೇನೇ ಮೊದಲ ಗುಟುಕು. ಒಂದು ದಿನ 'ನಿಯರ್‌ಫುಲ್' ಅಂತ ಬಂತು. ಎಸ್‌ಎಸ್‌ಡಿ ಶೇ. 85 ದಾಟಿತ್ತು! ಹಿಂದಿನ ವಾರ ತಾನೇ ನಲವತ್ತು ಮದುವೆಗಳನ್ನು ಹಾರ್ಡ್‌ಡಿಸ್ಕ್ ಲೇಔಟ್ ಹಾಕಿದ 'ಹಳೆಯದು' ಫೋಲ್ಡರ್‌ಗೆ ಎಂವಿ (ಫೈಲ್ ಸಾಗಿಸುವ ಕಮಾಂಡ್) ಮಾಡಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಲೇಔಟ್ ಅನ್ವಯಿಸುವುದು ಹೊಸದಾಗಿ ಹುಟ್ಟುವ ಫೈಲಿಗೆ ಮಾತ್ರ. ಎಂವಿ ಬರೀ ವಿಳಾಸ ಬದಲಿಸುತ್ತೆ, ಡೇಟಾ ಇದ್ದಲ್ಲೇ ಕೂತಿರುತ್ತೆ. ಸಾಲದ್ದಕ್ಕೆ, ವಿಳಾಸ ಬದಲಾಗಿದ್ದರಿಂದ ಹಳೇ ಪ್ರಾಜೆಕ್ಟ್ ತೆಗೆದರೆ ಕ್ಲಿಪ್‌ಗಳೆಲ್ಲ 'ಮೀಡಿಯಾ ಆಫ್‌ಲೈನ್'. ಅವತ್ತು ಕಾಫಿ ಆರಿಹೋಯಿತು.

ಒಂದು ವಾರ ಬೈದುಕೊಂಡೇ ಓಡಾಡಿದೆ. ಆಮೇಲೆ ಹೊಳೆಯಿತು: ಎಂವಿ ಪೂಲ್ ಬದಲಿಸಲ್ಲ ಅಂದರೆ, ಅದನ್ನೇ ತಿರುಗಿಸಿ ಬಳಸಬಹುದಲ್ಲ! ಈಗ ರಾತ್ರಿ ಎರಡಕ್ಕೆ ಸ್ಕ್ರಿಪ್ಟ್ ಓಡುತ್ತೆ. ಮುಗಿದ ಮದುವೆಯ ಒಂದೊಂದೇ ಫೈಲನ್ನು ಹಾರ್ಡ್‌ಡಿಸ್ಕ್ ಲೇಔಟ್ ಇರುವ ಫೋಲ್ಡರ್‌ಗೆ ನಕಲು ಮಾಡಿ, ಎರಡರ ಚೆಕ್‌ಸಮ್ (ಫೈಲಿನ ಗುರುತಿನ ಸಂಖ್ಯೆ) ತಾಳೆ ನೋಡಿ, ಆ ನಕಲನ್ನು ಮೂಲ ಫೈಲಿನ ಮೇಲೇ ಎಂವಿ ಮಾಡುತ್ತೆ. ವಿಳಾಸ ಅದೇ, ಡೇಟಾ ಮಾತ್ರ ಅಗ್ಗದ ಡಿಸ್ಕ್‌ನಲ್ಲಿ. (ಹಳೇ ಸ್ನ್ಯಾಪ್‌ಶಾಟ್, ಅಂದರೆ ಫೋಲ್ಡರ್ ಆ ಹೊತ್ತಿಗೆ ಹೇಗಿತ್ತೋ ಹಾಗೆ ಹಿಡಿದಿಟ್ಟದ್ದು, ಇದ್ದರೆ ಅದು ಅಳಿಯುವ ತನಕ ಎಸ್‌ಎಸ್‌ಡಿ ಜಾಗ ಖಾಲಿಯಾಗಲ್ಲ. ಇದಕ್ಕೂ ಒಂದು ಬೆಳಿಗ್ಗೆ ಹಾಳಾಯಿತು.)

ಈ ವರ್ಷ ಒಂದೂ ಎಸ್‌ಎಸ್‌ಡಿ ಕೊಂಡಿಲ್ಲ. ಎಡಿಟರ್ ಹುಡುಗನಿಗೆ ಇದ್ಯಾವುದೂ ಗೊತ್ತಿಲ್ಲ. ಮೊನ್ನೆ ಹೋದ ವರ್ಷದ ಮದುವೆಯೊಂದನ್ನು ತೆಗೆದು ಕೂತವನು ಅಂದ: "ಸಾರ್, ಟೈಮ್‌ಲೈನ್ ಸ್ವಲ್ಪ ಎಳೀತಿದೆ. ನೆಟ್‌ವರ್ಕ್ ಒಂಚೂರು ನೋಡಿ."