ಅಗ್ನಿ ಸುರಕ್ಷತಾ ಬೋಧಕರ ಐದು ದಿನದ ಕೋರ್ಸ್: ಮೂರು ವರ್ಷ ಬಳಸಿದ ಮೇಲೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ ಮದ್ದೂರಿನ ತನಕ ಕಾರ್ಖಾನೆ, ಆಸ್ಪತ್ರೆ, ಹಾಸ್ಟೆಲ್‌ಗಳಲ್ಲಿ ಬೆಂಕಿ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ಒಂಬತ್ತು ವರ್ಷ ಆಯಿತು. ಅಗ್ನಿಶಾಮಕ ಇಲಾಖೆಯವರಿಗೆ ಬೆಂಗಳೂರಿನಲ್ಲಿ ಆರ್. ಎ. ಮುಂಡ್ಕೂರ್ ಅಕಾಡೆಮಿ ಇದೆ, ನಾಗ್ಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. ನನ್ನ ಹಾಗೆ ಹೊರಗಿದ್ದು ಕಲಿಸುವವರಿಗೆ ಹತ್ತಿರದಲ್ಲಿ ಸಿಕ್ಕಿದ್ದು ಒಂದು ಖಾಸಗಿ ಸಂಸ್ಥೆಯ ಬೋಧಕರ ಕೋರ್ಸ್. ಫೀಸು 11,000 ರೂಪಾಯಿ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇಂಥ ಕೋರ್ಸಿಗೆ ದುಡ್ಡು ಕಟ್ಟುವವರಿಗೆ ಉಪಯೋಗ ಆಗಲಿ ಅಂತ ನನ್ನ ಅನುಭವ ಹೇಳುತ್ತೇನೆ.

ಮೊದಲ ಎರಡು ದಿನ ಹೆಚ್ಚೇನೂ ಸಿಗಲಿಲ್ಲ. ಬೆಂಕಿಯ ವರ್ಗಗಳು, ಗಾಳಿಗಿಂತ ಭಾರ ಇರುವುದರಿಂದ ಅಡುಗೆ ಗ್ಯಾಸ್ ನೆಲದ ಮಟ್ಟದಲ್ಲೇ ಹರಡುತ್ತದೆ ಎನ್ನುವುದು, ಇವೆಲ್ಲ ಬಂದವರಿಗೆ ಮೊದಲೇ ಗೊತ್ತಿತ್ತು. ಸ್ಲೈಡುಗಳು ಪೂರ್ತಿ ಇಂಗ್ಲಿಷಿನಲ್ಲಿ. ನಾವು ಕಲಿಸುವುದು ಕನ್ನಡದಲ್ಲಿ ಅಲ್ವಾ? ಆ ಮಾತನ್ನು ಅಲ್ಲಿ ಯಾರೂ ಎತ್ತಲೇ ಇಲ್ಲ.

ಮೂರನೇ ದಿನಕ್ಕೇ ಆ ಫೀಸು ಸಲ್ಲಬೇಕು. ಒಬ್ಬೊಬ್ಬರೂ ಹನ್ನೆರಡು ನಿಮಿಷ ಪಾಠ ಮಾಡಬೇಕು, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎಲ್ಲರೂ ಕೂತು ನೋಡಬೇಕು. ನನ್ನ ಪಾಠ ಎಕ್ಸ್‌ಟಿಂಗ್ವಿಷರ್, ಅಂದರೆ ಬೆಂಕಿ ನಂದಿಸುವ ಸಿಲಿಂಡರ್, ಬಳಸುವುದು ಹೇಗೆ ಅಂತ. ನೋಡಿದರೆ ಹನ್ನೊಂದು ನಿಮಿಷ ನಾನೇ ಮಾತಾಡಿದ್ದೆ. ಸಿಲಿಂಡರ್ ಬೇರೆಯವರ ಕೈಗೆ ಹೋಗಿದ್ದು ಕೊನೆಯ ಒಂದು ನಿಮಿಷ. ಆರು ವರ್ಷ ಹೀಗೇ ಕಲಿಸಿದ್ದೇನಲ್ಲ ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿ ಹೇಳಿಕೊಟ್ಟ ಕ್ರಮ ಹೊಸದೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗು ಕಟ್ಟುವ ಕೆಲಸಗಾರರಿಗೆ ಕಲಿಸಲು ಚಾರ್ಲ್ಸ್ ಅಲೆನ್ ಎಂಬ ತರಬೇತುದಾರ ಬಳಸಿದ ನಾಲ್ಕು ಹಂತ. ಕಲಿಯುವವರ ಮನಸ್ಸನ್ನು ವಿಷಯಕ್ಕೆ ತರುವುದು, ಮಾಡಿ ತೋರಿಸುವುದು, ಅವರ ಕೈಲೇ ಮಾಡಿಸುವುದು, ಆಮೇಲೆ ಪಕ್ಕಕ್ಕೆ ಸರಿದು ಬಂತೋ ಇಲ್ಲವೋ ನೋಡುವುದು. ನಾನು ಬಿಟ್ಟಿದ್ದು ಕೊನೆಯ ಎರಡನ್ನು.

ವಾಪಸ್ ಬಂದ ಮೇಲೆ ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ತರಬೇತಿ ಇತ್ತು. ಈ ಸಲ ಬಾಯಿ ಮುಚ್ಚಿ ನಿಂತೆ. ಒಬ್ಬ ಹೆಣ್ಣುಮಗಳು ಸಿಲಿಂಡರಿನ ಹಿಡಿಗೆ ಅಡ್ಡ ಹಾಕಿರುವ ಪಿನ್ ಹಿಡಿದು ಎಳೆಯುತ್ತಿದ್ದಾಳೆ, ಬೆರಳು ಕೆಂಪಾಗಿದೆ. "ಬತ್ತಿಲ್ಲ ಸಾ" ಅಂದಳು. ಹತ್ತಿರ ಹೋಗಿ ನೋಡಿದೆ. ಇನ್ನೊಂದು ಕೈಯಲ್ಲಿ ಮೇಲಿನ ಹಿಡಿಯನ್ನು ಬಿಗಿಯಾಗಿ ಅಮುಕಿ ಹಿಡಿದಿದ್ದಾಳೆ. ಹಿಡಿ ಒತ್ತಿದರೆ ಪಿನ್ ಕಚ್ಚಿಕೊಳ್ಳುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ. ನಾನು ಹೇಳುವ ಮೊದಲೇ ಪಕ್ಕದವಳು "ಹಿಡಿ ಬುಡು ಕಣಕ್ಕ, ಆಮೇಲೆ ಎಳಿ" ಅಂದಳು. ಪಿನ್ ಸಲೀಸಾಗಿ ಬಂತು. ಆವತ್ತು ಮೂವತ್ತು ಜನರಲ್ಲಿ ಏಳು ಜನ ಅದೇ ತಪ್ಪು ಮಾಡಿದರು. ಆರು ಕೆಜಿಯ ಪೌಡರ್ ಸಿಲಿಂಡರ್ ಖಾಲಿಯಾಗಲು ಅರ್ಧ ನಿಮಿಷವೂ ಬೇಡ. ಬೆಂಕಿ ಮುಂದಿರುವಾಗ ಪಿನ್ ಜೊತೆ ಒದ್ದಾಡಲು ಎಲ್ಲಿದೆ ಸಮಯ? ಈಗ ನನ್ನ ಪಾಠ ಶುರುವಾಗುವುದೇ ಆ ಪಿನ್ನಿಂದ, ಅದೂ ಅವರ ಕೈಯಿಂದ.

ಈಗ ಕೊರತೆ. ಇದನ್ನು ಹಗುರವಾಗಿ ಹೇಳಲಾರೆ. ನಾಲ್ಕನೇ ದಿನ ಬಯಲಿನಲ್ಲಿ ಟ್ರೇಗೆ ಡೀಸೆಲ್ ಸುರಿದು ಬೆಂಕಿ ಹಚ್ಚಿದರು. ನಾವು ಇಪ್ಪತ್ತೈದು ಜನ, ಕಲಿಸುವವರು ಇಬ್ಬರೇ. ಗಾಳಿ ದಿಕ್ಕು ಬದಲಾಯಿತು, ಹೊಗೆಯೂ ಝಳವೂ ನೇರ ನಮ್ಮ ಮೇಲೆ. ಒಬ್ಬರ ಹುಬ್ಬು ಸೀದುಹೋಯಿತು. ಎಲ್ಲಿ ನಿಲ್ಲಬೇಕು, ಓಡಬೇಕಾದರೆ ಯಾವ ಕಡೆ ಅಂತ ಮೊದಲೇ ಯಾರೂ ಹೇಳಿರಲಿಲ್ಲ. ನೀರಿನ ಪೈಪು ಸುರುಳಿ ಬಿಚ್ಚದೆ ಹಾಗೇ ಬಿದ್ದಿತ್ತು.

ಆಮೇಲೆ ನಾನೇ ಹುಡುಕಿ ಓದಿದೆ. 1982ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್‌ನಲ್ಲಿ ತರಬೇತಿಯ ಬೆಂಕಿಯಲ್ಲೇ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅದರ ನಂತರ 1986ರಲ್ಲಿ ಬಂದಿದ್ದು ಅಲ್ಲಿನ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘದ (ಎನ್‌ಎಫ್‌ಪಿಎ) 1403 ಎಂಬ ಮಾನದಂಡ. ಒಬ್ಬ ಬೋಧಕನಿಗೆ ಐದಕ್ಕಿಂತ ಜಾಸ್ತಿ ಜನ ಇರಬಾರದು, ಸುರಕ್ಷತೆ ನೋಡಿಕೊಳ್ಳಲೆಂದೇ ಒಬ್ಬರು ಬೇಕು, ಸಿಕ್ಕಿಬಿದ್ದವರ ಪಾತ್ರಕ್ಕೆ ಜೀವಂತ ಮನುಷ್ಯರನ್ನು ಮಲಗಿಸಬಾರದು ಅನ್ನುತ್ತದೆ ಅದು. ಮೊದಲು ಅದನ್ನು ಕಟ್ಟಡದೊಳಗೆ ಉರಿಸುವ ದೊಡ್ಡ ತರಬೇತಿಗೆ ಬರೆದದ್ದು ನಿಜ, ಆದರೆ ಟ್ರೇ ಬೆಂಕಿಗೂ ನಾನು ಅದೇ ಲೆಕ್ಕ ಹಿಡಿದಿದ್ದೇನೆ. ಬೋಧಕರ ಅರ್ಹತೆಗೆ ಅದೇ ಸಂಘದ 1041 ಎಂಬ ಇನ್ನೊಂದು ಮಾನದಂಡ ಇತ್ತು, ಈಗ ಅದನ್ನು 1020ರಲ್ಲಿ ಸೇರಿಸಿದ್ದಾರೆ. ಅದರ ಮೊದಲ ಹಂತ ಬೇರೆಯವರು ಸಿದ್ಧಪಡಿಸಿದ ಪಾಠವನ್ನು ಚೆನ್ನಾಗಿ ಮಾಡುವುದು, ಎರಡನೆಯದು ಪಾಠವನ್ನು ತಾನೇ ಕಟ್ಟುವುದು. ನಮ್ಮ ಕೋರ್ಸ್ ಐದೇ ದಿನದಲ್ಲಿ ಎರಡನ್ನೂ ಮುಗಿಸಲು ಹೋಗಿ ಎರಡನೆಯದನ್ನು ಸುಮ್ನೆ ಮುಟ್ಟಿ ಬಿಟ್ಟಿತು.

ಕೋರ್ಸ್ ಮುಗಿದ ಮೇಲೆ ಆರು ತಿಂಗಳಿಗೊಮ್ಮೆ ಬಂದು ನಮ್ಮ ಪಾಠ ನೋಡುತ್ತೇವೆ ಅಂದಿದ್ದರು. ಯಾರೂ ಬರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಈಗ ಹಬ್ಬದ ಶುಭಾಶಯ ಮಾತ್ರ. ಹಾಗಾಗಿ ನನ್ನ ಬ್ಯಾಚಿನ ಮಂಡ್ಯದ ಗೆಳೆಯರೊಬ್ಬರೂ ನಾನೂ ಒಂದು ಒಪ್ಪಂದ ಮಾಡಿಕೊಂಡೆವು. ಎರಡು ತಿಂಗಳಿಗೊಮ್ಮೆ ಅವರ ಪಾಠಕ್ಕೆ ನಾನು ಹೋಗಿ ಹಿಂದೆ ಕೂರುತ್ತೇನೆ, ನನ್ನದಕ್ಕೆ ಅವರು. ಹೋದ ಸಲ ಅವರು ಚೀಟಿಯಲ್ಲಿ ಬರೆದುಕೊಟ್ಟಿದ್ದು ಒಂದೇ ಸಾಲು: "ಹಿಂದಿನ ಸಾಲಿನ ಹೆಂಗಸರಿಗೆ ಸಿಲಿಂಡರ್ ತಲುಪಲೇ ಇಲ್ಲ."

5ಕ್ಕೆ 3 ಕೊಡುತ್ತೇನೆ, ಮೂರೂ ಆ ಮೂರನೇ ದಿನಕ್ಕೆ. ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿ: ನಮ್ಮ ಪಾಠ ರೆಕಾರ್ಡ್ ಮಾಡಿ ತೋರಿಸುತ್ತೀರಾ, ಬೆಂಕಿ ಹಚ್ಚುವ ದಿನ ಎಷ್ಟು ಜನಕ್ಕೆ ಒಬ್ಬ ಬೋಧಕ. ಎರಡನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಸೇರಬೇಡಿ.