ಕರ್ವೆ ರಸ್ತೆಯ ಸೈಕಾಲಜಿ ಅಡ್ಮಿಶನ್ ಗೈಡೆನ್ಸ್: ದುಡ್ಡು ಜಾಸ್ತಿ, ಮಾತು ಖಡಕ್

ಮಗಳಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವ ಆಸೆ. ಪುಣೆಯಲ್ಲಿ ಇಂಥ ಗೈಡೆನ್ಸ್ ಸೆಂಟರ್‌ಗಳಿಗೇನು ಬರವಿಲ್ಲ, ಹೆಚ್ಚಿನವರು ಸುಮ್ನೆ ಬ್ರೋಶರ್ ಕೈಗಿಡುತ್ತಾರೆ. ಇಲ್ಲಿನ ಮರಾಠಿ ಮೇಡಂ ಹಾಗಲ್ಲ. ಬರೀ ಎಂ.ಎ. ಸೈಕಾಲಜಿ ಮಾಡಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕುವಂತಿಲ್ಲ, 1992ರ ಕಾಯ್ದೆ ಪ್ರಕಾರ, ಈ ವೃತ್ತಿಯವರನ್ನು ನೋಂದಾಯಿಸಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆಯಾದ ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನ ರಿಜಿಸ್ಟರಿನಲ್ಲಿ ಹೆಸರಿರಬೇಕು ಎಂದು ಮೊದಲೇ ಹೇಳಿಬಿಟ್ಟರು. ನಾವು ಆರಿಸಿದ್ದ ಕಾಲೇಜುಗಳನ್ನೆಲ್ಲ ಕೌನ್ಸಿಲ್‌ನ ಪಟ್ಟಿಯಲ್ಲಿ ಒಂದೊಂದಾಗಿ ಹುಡುಕಿ ತೋರಿಸಿದರು. ಮಾನ್ಯತೆ ಯಾವ ವರ್ಷದವರೆಗೆ ಇದೆ ಅನ್ನೋದನ್ನೂ ನೋಡಬೇಕಂತೆ. ಇದನ್ನು ಬೇರೆ ಯಾರೂ ಹೇಳಿರಲಿಲ್ಲ.

ಎಸ್‌ಒಪಿ (ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿಯ ಜೊತೆ ಬರೆದುಕೊಡುವ ಟಿಪ್ಪಣಿ) ತಿದ್ದಿದ್ದು ನೋಡಬೇಕಿತ್ತು! ‘ಚಿಕ್ಕಂದಿನಿಂದಲೂ ಜನರಿಗೆ ಸಹಾಯ ಮಾಡುವಾಸೆ’ ಎಂಬ ಸಾಲಿಗೆ ಕೆಂಪು ಪೆನ್ನಿನಲ್ಲಿ ಅಡ್ಡಗೀಟು. "ಎಲ್ಲರೂ ಇದನ್ನೇ ಬರೀತಾರೆ. ಇಂಟರ್ನ್‌ಶಿಪ್‌ನಲ್ಲಿ ಏನು ಮಾಡಿದೆ, ಅದನ್ನು ಬರಿ" ಅಂದರು. ಮಗಳ ಮುಖ ಸಪ್ಪಗಾಯಿತು. ಆದರೆ ಮೇಡಂ ಹೇಳಿದ್ದು ಸರಿ ಅಲ್ವಾ?

ಅಣಕು ಸಂದರ್ಶನ ಮಾತ್ರ ಕಾಟಾಚಾರ. ಕೇಳುತ್ತಿದ್ದ ಹುಡುಗನ ಕಣ್ಣು ಫೋನಿನ ಮೇಲೇ. ಆ ದುಡ್ಡು ದಂಡ. ನಿಮ್ಹಾನ್ಸ್ ಪ್ರವೇಶ ಪರೀಕ್ಷೆಯ ತಯಾರಿಯೂ ಇಲ್ಲಿಲ್ಲ, ಅದಕ್ಕೆ ಬೇರೆ ಕಡೆ ನೋಡಿಕೊಳ್ಳಿ. ಕಾಲೇಜು ಆಯ್ಕೆ, ಎಸ್‌ಒಪಿ ಎರಡಕ್ಕೇ ಆದರೆ ಧಾರಾಳವಾಗಿ ಹೋಗಿ. ಬೆಳಿಗ್ಗೆಯೇ ಹೋಗಿ, ಸಂಜೆ ಗಾಡಿ ನಿಲ್ಲಿಸಲು ಜಾಗ ಸಿಗಲ್ಲ.